ಎಡಮೂಲೆಯ ಕೈ

ನೀರು ಹೊಡೆದರೂ ಇಲ್ಲಿಯ ಮರಳಿಗೆ, ಈ ಹೊಯ್ಗೆಗೆ ವಾಸನೆ ಬರುವುದಿಲ್ಲ, ಕುಡಿದು ಸುಮ್ಮನೆ ಕೂರುತ್ತದೆ, ನಮ್ಮಲ್ಲಾದರೆ ಅಂಕಣಕ್ಕೆ ಒಂದು ಕೊಡ ಚಿಮುಕಿಸಿದರೆ ಸಾಕು, ಕೆಮ್ಮಣ್ಣಿನ ವಾಸನೆ ಮೂಗಿಗೇರಿ ಹುಡುಗರ ತೊಡೆ ತಾನಾಗಿ ಅದುರುತ್ತದೆ — ಇಲ್ಲಿ ದುಬೈ ಕರಾಮದ ಈ ಶಾಲೆಯಂಗಳದಲ್ಲಿ ವಾಸನೆ ಅಂತಿದ್ದರೆ ಗೋಡೆಯಾಚೆಯ ಹೋಟೆಲಿನ ಗೋಳಿಬಜೆಯದ್ದು, ಮತ್ತೆ ಕುರ್ಚಿಯಲ್ಲಿ ಕೂತವರ ಸೆಂಟಿನದ್ದು, ಎಲ್ಲ ಊರಿನವರೇ, ಅರ್ಧಕ್ಕರ್ಧ ಜನ ನಾನು ಕಂಡಕ್ಟರಾಗಿದ್ದ ಬಸ್ಸಿನಲ್ಲಿ ಚಿಲ್ಲರೆಗೆ ಜಗಳಾಡಿದವರೇ, ಈಗ ಬನ್ನಿ ಸೇಸಪ್ಪಣ್ಣ ಅಂತ ಎದ್ದು ನಿಂತು ಕೈ ಕುಲುಕುತ್ತಾರೆ, ಮೇನೇಜರು ಅಂತೆ ನಾನು, ಕುತ್ತಿಗೆಗೆ ಒಂದು ಕಾರ್ಡು ಬೇರೆ ನೇತು ಹಾಕಿದ್ದಾರೆ. ಹಳೆಯ ಮೇನೇಜರಿಗೆ ಎದೆನೋವು ಬಂತೆಂದು ಊರಿನ ಕಬಡ್ಡಿ ತಂಡವನ್ನು ನನ್ನ ಕೈಗೆ ಕೊಟ್ಟು ವಿಮಾನ ಹತ್ತಿಸಿದರು, ಮೊದಲ ಆಟವೇ ನಮ್ಮೂರಿನಿಂದ ಇಲ್ಲಿಗೆ ದುಡಿಯಲು ಬಂದವರ ಮೇಲೆ, ಅವರ ಏಳು ಜನರಲ್ಲಿ ಐವರಿಗೆ ಹಿಡಿತ ಕಲಿಸಿದವನು ನಾನೇ — ಆದರೆ ಆಡುವುದು ಬೇರೆ, ಗೆರೆಯಾಚೆ ನಿಲ್ಲುವುದು ಬೇರೆ, ಟೈಮ್ ಔಟ್ ಎರಡನ್ನೂ ಈಗಲೇ ಕಳೆದುಕೊಂಡು ಕೂತಿದ್ದೇನೆ, ಒಂದು ಗುರುದತ್ತನ ಮೊಣಕಾಲ ಪಟ್ಟಿ ಜಾರಿತೆಂದು, ಇನ್ನೊಂದು ಬರೀ ಗಾಬರಿಗೆ. ಟೈಮ್ ಔಟ್ ಇಲ್ಲದೆ ಆಟಗಾರನನ್ನು ಬದಲಿಸುವ ಹಾಗಿಲ್ಲ, ರೈಡ್ ನಡೆಯುವಾಗ ಹೊರಗಿನಿಂದ ಬಾಯಿ ಹಾಕಿದರೆ ಅವರಿಗೆ ಪಾಯಿಂಟು, ಅಂಪೈರ್ ಆಗಲೇ ನನ್ನ ಕಡೆ ಬೆರಳು ತೋರಿಸಿ ಎಚ್ಚರಿಸಿದ್ದಾನೆ, ಬಾಯಿ ಇದ್ದೂ ಮೂಗ, ಕೈ ಇದ್ದೂ ಮೋಟ.

ಹರ್ಷಿತ್ ಬಗ್ಗಿದ, ನೆಲಕ್ಕೆ ಅಂಗೈ ಉಜ್ಜಿದ, ಒಳ್ಳೆಯದು, ಹಾಗೆಯೇ, ಪ್ರತಿ ರೈಡಿಗೂ ಮೊದಲು ಮಣ್ಣು ಒರೆಸಿಕೋ ಮಗ, ಬೆವರಿದ ಕೈ ಮೀನಿನ ಹಾಗೆ, ಜೊತೆಯವನ ಹಿಡಿತದಿಂದ ಜಾರಿ ಹೋಗುತ್ತದೆ, ನಮ್ಮೂರಿನ ಮೂಲೆ ಕಾಯುವವರನ್ನು ದೂರದಿಂದಲೇ ಗುರುತಿಸುವುದು ಇದರಿಂದ, ಎರಡೂ ಅಂಗೈ ಕೆಂಪು. ಎಡಮೂಲೆ ಅವನದ್ದು, ಮೊದಲು ನನ್ನದಾಗಿತ್ತು, ಆಮೇಲೆ ತುಕ್ರನದ್ದು, ತುಕ್ರ ದುಡಿಯಲು ಇಲ್ಲಿಗೆ ಬಂದು ಈ ಎದುರು ತಂಡದ ರೈಡರ್ ಆದ ಮೇಲೆ ಇವನದ್ದು — ಇವನ ಪಕ್ಕ ಗುರುದತ್ತ, ಇಬ್ಬರೂ ಕೈಕೈ ಹಿಡಿದು ನಿಂತರೆಂದರೆ ರೈಡಿಗೆ ಬಂದವನಿಗೆ ಗೋಡೆ. ಹರ್ಷಿತನ ಈ ಕೈಯನ್ನೇ ಅವನಮ್ಮ ಲೋಲಾಕ್ಷಿ ನನ್ನ ಕೈಗೆ ಕೊಟ್ಟದ್ದು, ಬಜಪೆಯಲ್ಲಿ, ವಿಮಾನ ನಿಲ್ದಾಣದ ಬಾಗಿಲಲ್ಲಿ, ಅಷ್ಟು ದೊಡ್ಡ ಮಗ ನಾಚಿ ಬಿಡಿಸಿಕೊಳ್ಳಲು ನೋಡಿದ, ಅವಳು ಬಿಡಲಿಲ್ಲ, ಸೇಸಪ್ಪಣ್ಣ ಇವನ ಅಪ್ಪ ಹೋದದ್ದೂ ಎರಡು ವರ್ಷಕ್ಕೆ ಅಂತಲೇ, ನೀವು ಕೈ ಹಿಡಿದು ಕರ್ಕೊಂಡು ಹೋಗುದು, ಕೈ ಹಿಡಿದೇ ಕರ್ಕೊಂಡು ಬರುದು, ನನಗೆ ಕಪ್ಪು ಬೇಡ ಗಿಪ್ಪು ಬೇಡ. ಆಯ್ತು ತಂಗೀ ಅಂದೆ. ಅಂದುಬಿಡುವುದು ಎಷ್ಟು ಸುಲಭ. ಅವಳ ಗಂಡ ಈ ಊರುಗಳಲ್ಲೇ ಎಲ್ಲೋ ಇದ್ದಾನೆ ಅಂತಾರೆ, ಕೆಲವರು ಮದೀನತ್ ಜಾಯೆದ್ ಅಂತಾರೆ, ಕೆಲವರು ಇಲ್ಲವೇ ಇಲ್ಲ ಅಂತಾರೆ, ಅವಳು ಯಾರನ್ನೂ ಕೇಳುವುದಿಲ್ಲ, ಬೀಡಿ ಕಟ್ಟುತ್ತಾಳೆ.

ಇವತ್ತು ಮಧ್ಯಾಹ್ನ ನಮ್ಮ ಕಡೆಯ ಕಿರಿಸ್ತಾನ ಸಾಹುಕಾರರು ಪಾಯ್ಸ್ ಪೊರ್ಬುಗಳ ಫ್ಲಾಟಿನಲ್ಲಿ ಕೋಳಿಸಾರು, ಕೋರಿರೊಟ್ಟಿ, ದುಬೈ ತಂಡಕ್ಕೂ ನಮಗೂ ಒಂದೇ ಚಾಪೆ, ತಂಡ ಪೊರ್ಬುಗಳದ್ದೇ, ರುವೈಸಿನ ಎಣ್ಣೆ ಕಾರ್ಖಾನೆಯಲ್ಲಿ ಅವರದ್ದು ಪೈಪಿನ ಅಟ್ಟ ಕಟ್ಟುವ ಕಂಟ್ರಾಕ್ಟು, ಆಡುವವರೆಲ್ಲ ಅವರ ಕೆಲಸದವರು, ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಬೇಕು, ತಾನೇ ನಿಂತು ಬಡಿಸಿದರು. ಹರ್ಷಿತನ ತಟ್ಟೆಗೆ ಸಾರು ಸುರಿಯುತ್ತಾ, ಸೇಸಪ್ಪಣ್ಣ ಈ ಹುಡುಗ ನನಗಿರಲಿ, ನಮ್ಮ ಎಡಮೂಲೆ ಖಾಲಿ ಉಂಟು, ಕೆಲಸವೂ ಉಂಟು ಅಂದರು, ತಮಾಷೆ ಅಂದುಕೊಂಡೆ, ತುಕ್ರ ತಮಾಷೆ ಮಾಡಲಿಲ್ಲ, ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ ಸೇಸಪ್ಪಣ್ಣ, ನಾಳೆ ಬೆಳಿಗ್ಗೆ ಇರಾನಿನ ಕಿಶ್ ದ್ವೀಪಕ್ಕೆ ಹೋಗಿ ಕೂತರೆ ವೀಸಾ ಕೆಲಸದ್ದಕ್ಕೆ ಬದಲಾಗಿ ಬರ್ತದೆ, ಟಿಕೆಟ್ ಆಗಿದೆ, ಪಾಸ್‌ಪೋರ್ಟ್ ಒಂದು ಕೊಟ್ಟುಬಿಡಿ ಅಂದ. ಟಿಕೆಟ್ ಆಗಿದೆಯಂತೆ. ಎಲ್ಲರ ಪಾಸ್‌ಪೋರ್ಟೂ ನನ್ನ ಸೊಂಟದ ಚೀಲದಲ್ಲಿ, ಇಲ್ಲಿಯ ಕಂಪೆನಿಯವರು ಹಿಡಿದಿಟ್ಟುಕೊಳ್ಳುವ ಹಾಗೆಯೇ, ನಾನೂ ಒಂದು ವಾರದ ಮಟ್ಟಿಗೆ ಕಂಪೆನಿ. ಆಟ ಮುಗೀಲಿ ಮಾರಾಯ ಅಂದೆ. ಆಗ ಪೊರ್ಬುಗಳು ಹರ್ಷಿತನ ಬೆನ್ನು ತಟ್ಟಿ — ನಾಳೆಯಿಂದ ನೀನು ನಮ್ಮವ, ಇವತ್ತೊಂದು ದಿನ ನಮ್ಮ ತುಕ್ರನ ಕಾಲು ಎಳೀಬೇಡ ಆಯ್ತಾ, ಪ್ರಾಯ ಆದವ, ಪಾಪ — ಚಾಪೆಯಿಡೀ ನಗು, ತುಕ್ರನೂ ನಕ್ಕ, ನಾನೂ ನಕ್ಕೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ನಕ್ಕೆ, ಹರ್ಷಿತ್ ಮಾತ್ರ ನಗಲಿಲ್ಲ, ಆಯ್ತು ಸಾರ್ ಅಂದ. ಸಾರ್! ಊರಿನಲ್ಲಿ ಯಾರನ್ನೂ ಸಾರ್ ಅಂದವನಲ್ಲ. ಬಸ್ಸಿನಲ್ಲಿ ಅಷ್ಟು ವರ್ಷ ನಿಂತು ನಾನು ಕಲಿತದ್ದು ಒಂದೇ, ಇಳಿಯುವವನು ತನ್ನ ಸ್ಟಾಪಿಗೆ ತುಂಬ ಮೊದಲೇ ಎದ್ದು ನಿಂತಿರುತ್ತಾನೆ, ನೀನು ಸೀಟು ತೋರಿಸಿ ಕೂತುಕೋ ಅಂದರೂ ಕೂರುವುದಿಲ್ಲ.

ಆದರೂ ಗೆದ್ದರೆ, ಗೆದ್ದರೆ ಒಂದು ದಾರಿ ಉಂಟು, ಗೆದ್ದ ಹುಡುಗರನ್ನು ಊರು ಹೆಗಲ ಮೇಲೆ ಹೊರುತ್ತದೆ, ದುಬೈಯಲ್ಲಿ ತುಕ್ರನನ್ನು ಹಿಡಿದವ ಅಂತ ಸೊಸೈಟಿಯವರು ಕರೆದು ಒಂದು ಕೆಲಸ ಕೊಟ್ಟಾರು, ಇಪ್ಪತ್ತರ ಪ್ರಾಯ, ಒಂದು ಜೈಕಾರಕ್ಕೆ ಮನಸ್ಸು ತಿರುಗೀತು, ನಾನೇನು ಕಟ್ಟಿ ಹಾಕಿ ಒಯ್ಯಬೇಕಾಗುವುದಿಲ್ಲ — ಗುರುದತ್ತ ಒಬ್ಬನನ್ನು ಹಿಡಿದ, ಭಲೆ, ಸಮ ಸಮ — ಅಷ್ಟರಲ್ಲಿ ಮುಸ್ಸಂಜೆಯ ಮಗ್ರಿಬಿನ ಬಾಂಗು, ಆಟ ನಿಂತಿತು, ಕುರ್ಚಿಯವರ ಮಾತೂ ನಿಂತಿತು, ಲೈಟು ಒಂದೊಂದಾಗಿ ಹತ್ತಿಕೊಂಡವು, ಹೇಗೂ ಅರ್ಧ ಆಟದ ವಿರಾಮವೇ. ಹರ್ಷಿತ್ ನೀರು ಕುಡಿಯುತ್ತಾ ನನ್ನ ಪಕ್ಕ ಕೂತ, ಅಂಗೈ ತುಂಬ ಹೊಯ್ಗೆ, ಅದನ್ನು ನೋಡಿಯೇ ನನಗೆ ಧೈರ್ಯ ಬಂತು, ಅಮ್ಮನಿಗೆ ಫೋನ್ ಮಾಡಿದ್ಯಾ ಅಂದೆ, ಕಾರ್ಡ್ ಮುಗೀತು ಅಂದ, ಅಲ್ಲವಾ ಮಗ ಅಲ್ಲಿ ರುವೈಸಿನಲ್ಲಿ ಬೆಂಕಿ ಬಿಸಿಲಂತೆ ಅಂದೆ, ಅವನು ನೀರಿನ ಬಾಟಲಿಯನ್ನೇ ನೋಡುತ್ತಾ, ಸೇಸಪ್ಪಣ್ಣ ಹಂಚಿನ ಕಾರ್ಖಾನೆಯ ಗೂಡಿನ ಬಾಯಿಗಿಂತ ಬಿಸಿ ಉಂಟಾ ಅಂದ, ಅವನು ಎರಡು ಮಳೆಗಾಲದಿಂದ ಆ ಗೂಡಿಗೆ ಸೌದೆ ಒಟ್ಟುತ್ತಿದ್ದಾನೆ. ಅಮ್ಮ ಇನ್ನು ಬೀಡಿ ಕಟ್ಟಬಾರದು, ಅವಳ ಬೆರಳು ನೋಡಿದ್ದೀರಾ ಅಂದ. ನೋಡಿದ್ದೇನೆ. ಸರಿ ಅಂತ ಅನ್ನಿಸುವ ಮಾತಿಗೆ ಏನು ಅಡ್ಡ ಹೇಳುವುದು, ಆದರೆ ಅವಳಿಗೆ ಆಯ್ತು ತಂಗೀ ಅಂದವನೂ ನಾನೇ, ಎರಡು ಸರಿಗಳ ನಡುವೆ ಸಿಕ್ಕಿಬಿದ್ದ ಇಂಥ ಮೇನೇಜರಿಗೆ ಯಾರು ಟೈಮ್ ಔಟ್ ಕೊಡುತ್ತಾರೆ — ಕೊಡುತ್ತಾರೆ, ವಿರಾಮದ ನಂತರದ ಈ ಅರ್ಧಕ್ಕೆ ಮತ್ತೆ ಎರಡು ಕೊಡುತ್ತಾರೆ, ಅವನ್ನೂ ಮುಗಿಸಿದೆನಲ್ಲ, ಒಂದನ್ನು ತುಕ್ರ ಬೆನ್ನುಬೆನ್ನಿಗೆ ಪಾಯಿಂಟು ಒಯ್ದಾಗ, ಇನ್ನೊಂದನ್ನು ಕಾಲು ಸೆಳೆತ ಬಂದ ಬಲಮೂಲೆಯವನನ್ನು ಬದಲಿಸಲು, ಆಗ, ಆಯ್ತು ಸಾರ್ ಅಂದ ಹರ್ಷಿತನನ್ನೇ ಹೊರಗೆ ಕೂರಿಸಬಹುದಿತ್ತು, ಕೂರಿಸಲಿಲ್ಲ, ಇಷ್ಟು ಜನರೆದುರು ಹುಡುಗನ ಮರ್ಯಾದೆ ಹೇಗೆ ತೆಗೆಯುವುದು.

ಕೊನೆಯ ರೈಡ್. ನಾವು ಒಂದು ಪಾಯಿಂಟು ಮುಂದೆ. ತುಕ್ರನೇ ಬರುತ್ತಾನೆ, ಹಿಡಿದರೆ ಮುಗಿಯಿತು, ಒಬ್ಬನನ್ನು ಮುಟ್ಟಿ ಹೋದರೆ ಸಮ, ಇಬ್ಬರನ್ನು ಮುಟ್ಟಿದರೆ ಅವರದ್ದು — ಅವನ ಬಲಮೊಣಕಾಲು ಸೋತಿದೆ, ನನಗೆ ಕಾಣುತ್ತದೆ, ತಿರುಗುವಾಗ ಒಂದು ಕ್ಷಣ ತಡವಾಗುತ್ತದೆ, ಅದೇ ಕ್ಷಣ ಕಾಲಿಗೆ ಬೀಳಬೇಕು, ಹರ್ಷಿತನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು, ಆಟ ಸುರುವಾದಾಗಿನಿಂದ ಅವನೇ ಎರಡು ಸಲ ಹೇಳಿದ್ದಾನೆ. ಬಗ್ಗು ಮಗ, ಮಣ್ಣು ಒರೆಸಿಕೋ. ಗುರುದತ್ತ ಬಗ್ಗಿ ಒರೆಸಿಕೊಂಡ. ಹರ್ಷಿತ್ ಬಗ್ಗಲಿಲ್ಲ. ಎರಡೂ ಕೈಯನ್ನು ಚಡ್ಡಿಗೆ ಉಜ್ಜಿದ, ಇದ್ದ ಹೊಯ್ಗೆಯನ್ನೂ ಕೊಡವಿದ, ಆಮೇಲೆ ಗುರುದತ್ತನ ಕೈ ಹಿಡಿದ — ಹಿಡಿದನಾ, ಇಟ್ಟ, ಹಾಗೇ ಇಟ್ಟ — ಹೇ ಅಂತ ಗಂಟಲವರೆಗೆ ಬಂತು, ಅಂಪೈರ್ ನನ್ನನ್ನೇ ನೋಡುತ್ತಿದ್ದಾನೆ, ನುಂಗಿದೆ, ತುಕ್ರ ಕಬಡ್ಡಿ ಕಬಡ್ಡಿ ಅನ್ನುತ್ತಾ ನೇರ ಎಡಮೂಲೆಗೇ ಬಂದ, ತಿರುಗಿದ, ಮೊಣಕಾಲು ತಡವರಿಸಿತು, ಆ ಕ್ಷಣ ಬಂತು, ಈಗ, ಈಗ, ಕಾಲು ಎದುರಿಗೇ ಉಂಟು, ಗುರುದತ್ತ ಮುಂದೆ ಎಳೆದ, ಆಗ ಹರ್ಷಿತನ ಬೆರಳುಗಳು, ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಬಿಚ್ಚಿಕೊಂಡವು, ಗೋಡೆಯಲ್ಲಿ ಬಾಗಿಲು, ತುಕ್ರ ಎಡಕ್ಕೊಬ್ಬನನ್ನು ಬಲಕ್ಕೊಬ್ಬನನ್ನು ಸವರಿಕೊಂಡು ಅದರೊಳಗಿಂದ ಹಾದು ನಡುಗೆರೆಗೆ ಬಿದ್ದ, ಸೀಟಿ, ಕುರ್ಚಿಗಳೆಲ್ಲ ಎದ್ದು ನಿಂತು ಚಪ್ಪಾಳೆ. ಗುರುದತ್ತ ತನ್ನ ಕೈಯನ್ನೇ ಬೈಯುತ್ತಿದ್ದಾನೆ, ಜಾರಿಹೋಯ್ತು ಸೇಸಪ್ಪಣ್ಣ, ಬೆವರು ಸೇಸಪ್ಪಣ್ಣ. ಹೌದು ಮಗ, ಬೆವರು ಅಂದೆ. ತುಕ್ರ ಗೆದ್ದವನ ಹಾಗಿಲ್ಲ, ನೆಲಕ್ಕೆ ಕೂತು ಮೊಣಕಾಲು ಹಿಡಿದುಕೊಂಡಿದ್ದಾನೆ, ನನ್ನ ಕಡೆ ನೋಡುವುದಿಲ್ಲ, ಪೊರ್ಬುಗಳು ದೂರದಿಂದಲೇ ನಗುತ್ತಾ ಬರುತ್ತಿದ್ದಾರೆ, ಪಾಪ ಅವರಿಗೆ ಏನೂ ಗೊತ್ತಿಲ್ಲ, ಮಧ್ಯಾಹ್ನದ ಮಾತು ಸಾರಿನ ಜೊತೆಗೇ ಮರೆತಿದ್ದಾರೆ, ನಾನು ಮಾತ್ರ ಊರಿಗೆ ಫೋನ್ ಮಾಡಬೇಕು, ಪಕ್ಕದ ಮನೆಯವರು ಲೋಲಾಕ್ಷಿಯನ್ನು ಕರೆಯುತ್ತಾರೆ, ಅವಳು ತೊಡೆಯ ಮೇಲಿನ ಮೊರ ಇಳಿಸಿ ಓಡಿ ಬರುತ್ತಾಳೆ, ಹಲೋ ಅನ್ನುತ್ತಾಳೆ, ಆಮೇಲೆ ನಾನು — ಹುಡುಗ ನನ್ನೆದುರು ಬಂದು ನಿಂತಿದ್ದಾನೆ. ಅಳುತ್ತಿಲ್ಲ, ನಗುತ್ತಿಲ್ಲ. ಸೇಸಪ್ಪಣ್ಣ, ಪಾಸ್‌ಪೋರ್ಟ್, ಅಂದ. ನನ್ನ ಬೆರಳು ಚೀಲದ ಜಿಪ್ಪಿನ ಮೇಲೆ, ಎಳೆಯುತ್ತಿದೆಯೋ ಹಿಡಿದಿದೆಯೋ ತಿಳಿಯದು, ಮೇಲೆ ಲೈಟು, ಅದರ ಕೆಳಗೆ ಅವನು ಚಾಚಿದ ಕೈ, ಎಡಮೂಲೆಯ ಕೈ, ಬೆರಳು ಅಗಲಿಸಿ, ಅಂಗೈ ಮೇಲೆ ಮಾಡಿ, ತೊಳೆದ ತಟ್ಟೆಯ ಹಾಗೆ, ಒಂದು ಕಾಳು ಮಣ್ಣಿಲ್ಲ, ಒಂದು ಕಾಳು ಇಲ್ಲ