ಭರಮವ್ವನ ಪಾಲಿನ ಪ್ರಾರ್ಥನೆ

ಬೆಳಗಾದರೂ ಬಿಸಿಲಿಲ್ಲ, ಗಾಳಿಯ ಸುಳಿವೂ ಇಲ್ಲ, ಮುಗಿಲು ತಿಳವಳ್ಳಿಯ ಹಂಚುಗಳಿಗೆ ತಾಗುವಷ್ಟು ಇಳಿದಿದೆ, ಈ ಮೋಡಕ್ಕೆ ಮಾವಿನ ಹೂವೆಲ್ಲ ಕಪ್ಪಾಗಿ ಉದುರುತ್ತದೆ, ಉದುರಲಿ, ಅಂದುಕೊಂಡು ಭರಮವ್ವ ಪಡಸಾಲೆಯಲ್ಲಿ ಜಮಖಾನೆ ಹಾಸಿದಳು — ಉದುರಲಿ ಅಂತ ಯಾಕೆ ಬಂತು ಬಾಯಿಗೆ, ಅದೂ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ ಶುಕ್ರವಾರ, ಹತ್ತಕ್ಕೆ ಚರ್ಚಿನ ಸಭೆಯವರು ಬರುತ್ತಾರೆ, ಈ ವಾರದ ಪ್ರಾರ್ಥನೆ ತನ್ನ ಮನೆಯಲ್ಲಿ, ಮನೆಯೊಡತಿಯೇ ಮೊದಲು ಬಾಯಿಬಿಟ್ಟು ಪ್ರಾರ್ಥಿಸುವುದು ವಾಡಿಕೆ, ತನಗೋ ಮೂರು ವಾರದಿಂದ ಪ್ರಾರ್ಥನೆಯೇ ಬರುತ್ತಿಲ್ಲ, ತಂದೆಯೇ ಅಂದರೆ ಮುಂದಿನದೆಲ್ಲ ಬಾವಿಗೆ ಬಿದ್ದ ಕೊಡ, ಹಗ್ಗ ಮಾತ್ರ ಕೈಯಲ್ಲಿ. ಲಕ್ವಾ ಹೊಡೆದು ಗಂಡ ಹೂವಪ್ಪ ಮಲಗಿ ಎಂಟು ತಿಂಗಳು, ಎರಡೆರಡು ತಾಸಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹಾಗಾಗಿ ನಿದ್ದೆಯೂ ಎರಡೆರಡು ತಾಸಿನ ತುಂಡು, ಮೂರು ವಾರದ ಹಿಂದೆ ಒಂದು ರಾತ್ರಿ ಹೊರಳಿಸುವಾಗ ಬಿಟ್ಟು ಹೋಗಿಬಿಡಲೇ ಅನ್ನಿಸಿದ್ದು, ಒಂದು ಗಳಿಗೆ, ಅಷ್ಟೇ, ಆಮೇಲೆಯೇ ಬಾಯಿ ಕಟ್ಟಿದ್ದು — ಯಾರಿಗೂ ಹೇಳಲಿಲ್ಲ, ಉಪವಾಸ ಇದ್ದವರು ಅದನ್ನು ತೋರಿಸಿಕೊಳ್ಳಬಾರದು, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡಿರಬೇಕು ಅಂತ ಪಾಸ್ಟರ್ ಹೇಳಿದ್ದನ್ನು ಸಂಕಟಕ್ಕೂ ಸೇರಿಸಿಕೊಂಡು, ದಿನಾ ಎಣ್ಣೆ, ದಿನಾ ನಗೆ, ಎಣ್ಣಿ ಹಚ್ಚಿ ಯಾರ ಮದಿವಿಗೆ ಹೊಂಟಿ ಅಂತ ಹೂವಪ್ಪ ಸೊಟ್ಟ ಬಾಯಲ್ಲೇ ಕೆಣಕುತ್ತಾನೆ, ನಿಮ್ಮ ಮದಿವಿಗೇ, ಹೊರಳಸಾಕ ಇನ್ನೊಬ್ಬಾಕಿ ಬೇಕಲ್ರಿ ನಿಮಗ ಅಂತ ತಾನು, ಪಕ್ಕದ ಮನೆಯ ದಿಲ್ಶಾದಳದೂ ಈಗಲೇ ರಂಜಾನಿನ ರೋಜಾ, ಗೋಡೆಯಾಚೆಯಿಂದ ಅವಳು, ಏನ್ ಭರಮವ್ವಾ, ನಿನ್ನ ಉಪವಾಸ ಮಾರಿಮ್ಯಾಗ ಕಾಣಂಗೇ ಇಲ್ಲ, ಕದ್ದು ತಿಂತೀಯೇನ, ನಕ್ಕಿದ್ದಳು ತಾನೂ, ನಗುವುದೇ ಕೆಲಸವಾಗಿಬಿಟ್ಟಿದೆ.

ಜಮಖಾನೆ ತುಂಬಿತು, ಪಾಸ್ಟರ್, ಏಳೆಂಟು ಹೆಂಗಸರು, ತಂಗಿಯ ಮಗಳು, ಹತ್ತಿಮತ್ತೂರಿಗೆ ಕೊಟ್ಟಿದ್ದ ರಾಜಶ್ರೀಯೂ ಬಸ್ಸಿಳಿದು ನೇರ ಬಂದಿದ್ದಾಳೆ, ಶುರು ಮಾಡವ್ವ ಅಂದರು ಪಾಸ್ಟರ್, ಎಲ್ಲರ ಕಣ್ಣು ಮುಚ್ಚಿದವು, ತಂದೆಯೇ — ತಂದೆಯೇ — ಯಾರದೋ ಬಳೆಯ ಸಪ್ಪಳ, ಒಳಗಿನಿಂದ ಹೂವಪ್ಪನ ಉಸಿರು, ನಾಲ್ಕು ಸುಳ್ಳು ಮಾತು ಆಡಿ ಮುಗಿಸಿಬಿಡಲೇ, ಬೇಡ, ದೇವರೆದುರು ಬೇಡ, ನನಗ ಬರವಲ್ದ್ರಿ, ಅಂದಳು, ಮೂರು ವಾರ ಆತು, ಏನೂ ಬರವಲ್ದು, ಇವರ್ನ ಬಿಟ್ಟು ಎಲ್ಲಿಗರೆ ಹೋಗ್ಲಿ ಅನ್ನಿಸೇತಿ ನನಗ — ಹೇಳಿಬಿಟ್ಟಳು, ಹೇಳಿದ ಮೇಲೂ ಯಾರೂ ಕಣ್ಣು ತೆರೆದು ನೋಡಲಿಲ್ಲ, ರಾಜಶ್ರೀ ಮಾತ್ರ ಕೂತಲ್ಲಿಂದಲೇ ಸರಿದು ಹತ್ತಿರ ಬಂದಳು, ಹೂವಪ್ಪ ಮಲಗುವ ಮೊದಲೊಮ್ಮೆ, ಸವಣೂರಿನ ಆಸ್ಪತ್ರೆಯಲ್ಲಿ ತನ್ನ ಕೂಸು ಕಣ್ಣೇ ತೆರೆಯದೆ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿದ್ದವಳು, ಇನ್ನ ನಾ ಪ್ರಾರ್ಥನಾ ಮಾಡಂಗಿಲ್ಲ ದೊಡ್ಡವ್ವ ಅಂದವಳು, ಬ್ಯಾಡ ಬಿಡು, ನಿನ್ನ ಪಾಲಿಂದು ನಾ ಅಂತೇನಿ, ನೀ ಮಲ್ಕೋ, ಅಂತ ಹನ್ನೊಂದು ದಿನ ಅವಳ ಮಂಚದ ತುದಿಗೆ ಕೂತು ತಾನು ಪರಲೋಕದಲ್ಲಿರುವ ನಮ್ಮ ತಂದೆಯೇ ಅನ್ನುವ ಕರ್ತನ ಪ್ರಾರ್ಥನೆ ಹೇಳಿದ್ದು, ಸಾಲು ಸಾಲಿಗೂ ಒಂದು ಉಸಿರಿನಷ್ಟು ತೆರಪು ಬಿಟ್ಟು, ಸೇರಿಕೊಳ್ಳುವುದಾದರೆ ಸೇರಿಕೊಳ್ಳಲಿ ಅಂತ — ಮರೆತೇ ಹೋಗಿತ್ತು, ಇವಳು ಮರೆತಿಲ್ಲ, ಕಿವಿಯ ಹತ್ತಿರವೇ ಅವಳ ದನಿ, ನಿಮ್ಮ ಪಾಲಿಂದು ನಾ ಅಂತೇನ್ರಿ ದೊಡ್ಡವ್ವ, ನೀವು ಒರಗ್ರಿ ಅಂತ, ಮಗ್ಗಲಾ ನಾವು ಹೊರಳಸ್ತೇವಿ ಅಂತ ಯಾರೋ ಇಬ್ಬರು ಎದ್ದು ಒಳಗೆ ಹೋದ ಸಪ್ಪಳ, ಅವರ ಬಲಗೈ ಜೋಪಾನ ಅಂತ ಹೇಳಬೇಕು, ಹೇಳಬೇಕು, ತಲೆ ಗೋಡೆಗೆ ತಾಗಿತು, ಕಾಲು ತಾವಾಗಿಯೇ ಚಾಚಿಕೊಂಡವು, ಮೊದಲ ಸಾಲು ಬಂತು, ರಾಜಶ್ರೀಯ ತುಟಿ ನಿಂತಿತು, ಒಂದು ಉಸಿರಿನಷ್ಟು ಕಾಯಿತು, ಎರಡನೆಯ ಸಾಲು, ತುಟಿ ನಿಂತಿತು, ಕಾಯಿತು, ಮೂರನೆಯ ಸಾಲು, ತುಟಿ ನಿಂತಿತು, ತನಗಾಗಿ ತೆರಪು ಬಿಟ್ಟು.