ಕುಳ್ಳಮ್ಮನ ಎಡ ಮಂಡಿಯೂ ಕಾರಿನ ಎಡ ಮುಂಗಾಲೂ

ಕಳೆದ ವರ್ಷದ ಜೂನ್ ಒಂಬತ್ತರಿಂದ ಅಕ್ಟೋಬರ್ ಒಂಬತ್ತರವರೆಗೆ, ಒಟ್ಟು ನೂರ ಇಪ್ಪತ್ತಮೂರು ದಿನಗಳಲ್ಲಿ, ಪಾಂಡವಪುರ ತಾಲ್ಲೂಕಿನ ತೊಣ್ಣೂರು ರಸ್ತೆಯ ನಮ್ಮ ಮನೆಯಲ್ಲಿ ನಡೆದ ಸಂಗತಿಗಳನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆದಿಡುತ್ತಿದ್ದೇನೆ. ಮೊದಲು ಚಿಕ್ಕಪ್ಪನ ಕಾರು ಎಡಕ್ಕೆ ಕುಸಿಯಿತು; ಆಮೇಲೆ ಅಜ್ಜಿ ಅದಕ್ಕೆ ಎಣ್ಣೆ ತಿಕ್ಕಿದರು; ಅದಾದ ಮೇಲೆ ಷರತ್ತು ಹಾಕಿದರು. ಕೆ.ಆರ್. ಪೇಟೆಯ ನಮ್ಮ ನೆಂಟರು ಷರತ್ತನ್ನು ಮೊದಲಿಗೂ ಎಣ್ಣೆಯನ್ನು ಕೊನೆಗೂ ಇಟ್ಟು ಹೇಳುತ್ತಿದ್ದಾರೆ. ಹಾಗೆ ಹೇಳಿದರೆ ಅಜ್ಜಿಗೆ ಬುದ್ಧಿ ಕೆಟ್ಟಿತ್ತು ಎಂಬ ಅರ್ಥ ಬರುತ್ತದೆ. ಅಜ್ಜಿಗೆ ಕೆಟ್ಟಿದ್ದು ಬುದ್ಧಿಯಲ್ಲ, ಮಂಡಿ.

ಅಜ್ಜಿಯ ಹೆಸರು ಕುಳ್ಳಮ್ಮ, ವಯಸ್ಸು ಎಪ್ಪತ್ತೆರಡು. ಮೇ ತಿಂಗಳಲ್ಲಿ ಮೈಸೂರಿನ ಮೂಳೆ ವೈದ್ಯರೊಬ್ಬರು ಅವರ ಎಡ ಮಂಡಿಯ ಎಕ್ಸ್‌ರೇ ನೋಡಿ, ಸವೆದ ಕೀಲನ್ನು ತೆಗೆದು ಲೋಹದ ಕೀಲು ಕೂರಿಸಬೇಕೆಂದೂ, ಇನ್ನೊಂದು ವರ್ಷ ತಡಮಾಡಿದರೆ ನಡೆಯುವುದೇ ನಿಂತುಹೋಗಬಹುದೆಂದೂ ತಿಳಿಸಿದ್ದರು. ದಾಖಲಾಗಲು ಜುಲೈ ಹತ್ತರ ಗುರುವಾರವನ್ನು ಗೊತ್ತುಮಾಡಿದ್ದರು. ಅಜ್ಜಿ ಆಸ್ಪತ್ರೆಯಲ್ಲಿ ಎಲ್ಲದಕ್ಕೂ ತಲೆಯಾಡಿಸಿದರು. ಮನೆಗೆ ಬಂದು ಜಗಲಿಯ ಮೇಲೆ ಕುಳಿತ ನಂತರ ತೀರ್ಮಾನ ಹೇಳಿದರು.

“ನಾಳೆ ಮಣ್ಣಿಗೋಗೋ ಮೈಯಿ. ಇದ್ಕೆ ಕಬ್ಬುಣ ಯಾಕ್ ತುಂಬುಸ್ಬೇಕು? ನಾನೊಲ್ಲೆ.”

ಮೂರು ವಾರ ಯಾರು ಏನು ಹೇಳಿದರೂ ಅವರ ಉತ್ತರ ಬದಲಾಗಲಿಲ್ಲ. ಆ ಹೊತ್ತಿಗೆ ಕಾರು ಬಂತು.

ಚಿಕ್ಕಪ್ಪ ಶಂಕರ್ ಆಲೆಮನೆ ನಡೆಸುತ್ತಾರೆ. ಬೆಂಗಳೂರಿನಲ್ಲಿ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟ ವಿದೇಶಿ ಎಸ್‌ಯುವಿಯೊಂದನ್ನು ಅವರು ಕೊಂಡು ತಂದಿದ್ದರು. ಸಾಮಾನ್ಯ ಕಾರುಗಳು ಕಬ್ಬಿಣದ ಸುರುಳಿ ಸ್ಪ್ರಿಂಗಿನ ಮೇಲೆ ನಿಂತಿರುತ್ತವೆ. ಇದು ಚಕ್ರಕ್ಕೊಂದರಂತೆ ನಾಲ್ಕು ರಬ್ಬರಿನ ಗಾಳಿಚೀಲಗಳ ಮೇಲೆ ನಿಂತಿತ್ತು. ಕಂಪ್ರೆಸರ್ ಎಂಬ ಸಣ್ಣ ಯಂತ್ರ ಅವಕ್ಕೆ ಗಾಳಿ ತುಂಬುತ್ತಿತ್ತು. ಕಬ್ಬಿನ ಗಾಡಿಗಳು ಕೊರೆದ ರಸ್ತೆಯಲ್ಲೂ ಅದು ತೆಪ್ಪದಂತೆ ಸಾಗುತ್ತಿತ್ತು.

“ನಾವ್ ಓಯ್ತಿರೋದು ರೋಡಿಗೇ ಗೊತ್ತಾಗಲ್ಲ ಕಣಮ್ಮಿ” ಎಂದು ಚಿಕ್ಕಪ್ಪ ನನಗೆ ದಿನಕ್ಕೆರಡು ಬಾರಿ ಹೇಳುತ್ತಿದ್ದರು.

ಜೂನ್ ಒಂಬತ್ತರ ಬೆಳಿಗ್ಗೆ ಏಳು ಗಂಟೆಗೆ ನೋಡಿದಾಗ ಕಾರಿನ ಎಡ ಮುಂಭಾಗ ಚಕ್ರದ ಮೇಲೆ ಕುಸಿದು ಕುಳಿತಿತ್ತು. ಚಿಕ್ಕಪ್ಪ ಎಂಜಿನ್ ಚಾಲೂ ಮಾಡಿದರು. ಕಾರು ಒಳಗೊಳಗೇ ನರಳಿ, ನಾಲ್ಕು ನಿಮಿಷಗಳಲ್ಲಿ ಮೆಲ್ಲಗೆ ಎದ್ದು ಸಮವಾಯಿತು. ಜಗಲಿಯಲ್ಲಿದ್ದ ಅಜ್ಜಿ ಇದನ್ನು ಕಣ್ಣು ಮಿಟುಕಿಸದೆ ನೋಡಿದರು. ಬೆಳಗಿನ ಹೊತ್ತು ಅವರಿಗೂ ಏಳಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕಾಗುತ್ತಿತ್ತು.

“ಅಯ್ಯೋ, ಇದ್ಕೂ ಎಡಗಾಲೇ! ಪಾಪ, ಆ ದಪ್ಪ ಮೈಯ ಒತ್ಕಂಡು ರಾತ್ರಿಯೆಲ್ಲ ನಿಂತಿರ್ತದಲ್ಲ.”

ಮರುದಿನ ಅವರು ತಮ್ಮ ಮಂಡಿಗೆ ಹಚ್ಚುವ ಎಣ್ಣೆಯನ್ನು ತೆಂಗಿನ ನಾರಿನಲ್ಲಿ ಅದ್ದಿ, ಚಕ್ರದ ಸಂದಿಯೊಳಗೆ ಕೈ ತೂರಿಸಿ, ಗಾಳಿಚೀಲಕ್ಕೆ ತಿಕ್ಕುತ್ತಿದ್ದುದನ್ನು ನಾನು ಕಂಡೆ.

“ಅಜ್ಜಿ, ಎಣ್ಣೆ ತಾಗುದ್ರೆ ರಬ್ಬರ್ ಆಳಾಯ್ತದೆ.”

“ಅಂಗಾದ್ರೆ ನನ್ ಮಂಡಿಗ್ಯಾಕೆ ನೀನು ದಿನಾ ತಿಕ್ತಿದ್ದೆ?”

“ನಿನ್ ಮಂಡಿ ರಬ್ಬರಲ್ಲ ಕಣಜ್ಜಿ.”

“ನೋವು ಒಂದೇ ಅಲ್ವಾ?”

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಪದವಿ ಪಡೆದವಳು, ಅಳತೆಯಿಲ್ಲದೆ ವಾದಿಸುವ ಅಭ್ಯಾಸ ನನಗಿಲ್ಲ. ಅಂದಿನಿಂದ ರಾತ್ರಿ ಏಳಕ್ಕೂ ಬೆಳಿಗ್ಗೆ ಏಳಕ್ಕೂ ನೆಲದಿಂದ ಚಕ್ರದ ಕಮಾನಿನವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆದೆ. ಒಂದು ರಾತ್ರಿಯ ಕುಸಿತ ಮೊದಲ ದಿನ ಒಂಬತ್ತು ಸೆಂಟಿಮೀಟರು. ಎಣ್ಣೆಯ ಉಪಚಾರ ಮುಂದುವರಿದಂತೆ ಹನ್ನೊಂದು, ಹನ್ನೆರಡು, ಹದಿನಾಲ್ಕು. ಎಣ್ಣೆಯೇ ಕಾರಣವೆಂದು ಸಾಧಿಸಲು ಇಷ್ಟು ಅಳತೆ ಸಾಲದು. ಆದರೂ ಎಣ್ಣೆಯ ಬಾಟಲಿಯನ್ನು ಅಟ್ಟದ ಮೇಲಿಟ್ಟೆ.

ಗಾಳಿ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಭಾನುವಾರ ಸೋಪಿನ ನೀರು ಕಲಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ತುಂಬಿ ಚೀಲದ ಮೇಲೆ ಸಿಂಪಡಿಸಿದೆ. ರಬ್ಬರಿನ ಮಡಿಕೆಯ ಬಳಿ ಗುಳ್ಳೆಗಳು ಎದ್ದವು. ಎದುರು ಮನೆಯ ಚಿಕ್ಕಮಾದಯ್ಯ ಬೀಡಿ ಆರಿಸಿ ಹತ್ತಿರ ಬಂದು ನೋಡಿದರು. ಅಜ್ಜಿ ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡರು.

“ಅಮ್ಮಿ, ನಂಗೂ ಒಂದ್ಸಲ ಒಡಿ.”

“ಅಜ್ಜಿ…”

“ಒಡಿ ಅಂದ್ನಲ್ಲ! ಕಾರಿಗೊಂದ್ ನ್ಯಾಯ, ನಂಗೊಂದ್ ನ್ಯಾಯನಾ?”

ಸಿಂಪಡಿಸಿದೆ. ಮೂವರೂ ಒಂದು ನಿಮಿಷ ಬಗ್ಗಿ ನೋಡಿದೆವು. ಗುಳ್ಳೆ ಬರಲಿಲ್ಲ.

“ನಿಂದ್ರಲ್ಲಿ ಗಾಳಿ ಯಾವತ್ತೋ ಖಾಲಿ ಆಗೋಗದೆ ಬುಡು ಕುಳ್ಳಕ್ಕ” ಎಂದರು ಚಿಕ್ಕಮಾದಯ್ಯ.

“ನಿನ್ ಬುರುಡೆಗೊಡೀಬೇಕು ಕಣ್ಲಾ. ಗಾಳಿ ಇದ್ರೆ ಅಲ್ಲೇ ಇರಾದು.”

ಜೂನ್ ಹದಿನೆಂಟರಂದು ಕಾರನ್ನು ಬಾಬುರಾಯನಕೊಪ್ಪಲಿನ ಗ್ಯಾರೇಜಿಗೆ ಒಯ್ದೆವು. ಅಜ್ಜಿ ತಾವೂ ಬರುತ್ತೇನೆಂದರು. ಎಂಜಿನ್ ಚಾಲೂ ಆಗುವ ಮೊದಲೇ, ಕಾರು ಎಡಕ್ಕೆ ಕುಸಿದಿದ್ದಾಗಲೇ, ಎಡಗಡೆಯ ಮುಂದಿನ ಸೀಟಿಗೆ ಹತ್ತಿ ಕುಳಿತರು. ಗ್ಯಾರೇಜಿನ ಕಿಶನ್ ಚಕ್ರ ಬಿಚ್ಚಿ ನೋಡಿ, ಬೆರಳು ಮೂಸಿ, “ಇದ್ಯಾರಣ್ಣ ಇಲ್ಗೆ ನೋವಿನೆಣ್ಣೆ ಅಚ್ಚವ್ರೆ?” ಎಂದು ಕೇಳಿದ. ಅಜ್ಜಿ ಸೀಟಿನಲ್ಲೇ ಆ ಕಡೆಗೆ ತಿರುಗಿ ಕುಳಿತರು.

“ಎರಡು ದಾರಿ ಅವೆ” ಎಂದ ಅವನು. “ಒಸ ಗಾಳಿಚೀಲ ಆಕುದ್ರೆ ಮೊದ್ಲಿನಂಗೇ ಮೆತ್ತಗೆ ಓಡ್ತದೆ. ಆದ್ರೆ ಇವತ್ತು ಇದು, ನಾಳೆ ಆ ಕಡೇದು, ಆಮೇಲ್ ಕಂಪ್ರೆಸರು. ಇಲ್ಲ, ಮುಂದ್ಗಡೆ ಎರಡೂ ತಗ್ದು ಕಾಯಿಲ್ ಸ್ಪ್ರಿಂಗ್ ಕೂರುಸ್ಬುಡಾದು. ಕಬ್ಬುಣ. ಒಸಿ ಗಡುಸು, ಆದ್ರೆ ಕುಸ್ಯೋ ಮಾತೇ ಇಲ್ಲ.”

“ಗಡುಸು ಬ್ಯಾಡ” ಎಂದರು ಚಿಕ್ಕಪ್ಪ. “ತೇಲೋ ಕಾರ್ ತಗಂಡು ಟ್ರಾಕ್ಟರ್ ಮಾಡ್ಕಳನಾ?”

ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿದರು. “ಅಳೇದ್ನ ಏನ್ ಮಾಡ್ತಿಯಪ್ಪಾ?”

“ಕಿತ್ತಾಕ್ತೀವಿ ಅಜ್ಜಿ.”

“ನೋಯ್ತದಾ?”

ಕಿಶನ್ ನನ್ನ ಮುಖ ನೋಡಿದ. ನಾನು ಕಾರಿನ ಮುಖ ನೋಡಿದೆ.

“ಏನೂ ಆಗಲ್ಲ ಅಜ್ಜಿ. ಬೆಳಿಗ್ಗೆ ಬುಟ್ರೆ ಸಾಯಂಕಾಲಕ್ಕೆ ಎದ್ ನಿಂತ್ಕತದೆ.”

“ಡಾಕುಟ್ರೂ ಇಂಗೇ ಏಳುದ್ರು” ಎಂದು ಅಜ್ಜಿ ತಲೆಯನ್ನು ಒಳಗೆಳೆದುಕೊಂಡರು.

ಅಂದು ಸಂಜೆ ಅವರು ಷರತ್ತು ಹಾಕಿದರು. ನಮ್ಮೂರಿನಲ್ಲಿ ಹೊಸ ಕಬ್ಬಿನ ತಳಿಯನ್ನು ಯಾರೂ ಮೊದಲು ತಮ್ಮ ಗದ್ದೆಗೆ ಹಾಕುವುದಿಲ್ಲ. ಪಕ್ಕದ ಗದ್ದೆಯವನು ಹಾಕಿ, ಕಡಿದು, ತೂಗಿದ ನಂತರವೇ ಹಾಕುತ್ತಾರೆ. ಪಕ್ಕದವನೂ ಹಾಗೆಯೇ ಕಾಯುತ್ತಾನಾದ್ದರಿಂದ ಕೆಲವು ತಳಿಗಳು ಊರಿನೊಳಗೆ ಬಂದೇ ಇಲ್ಲ. ಅಜ್ಜಿಯ ಪಾಲಿಗೆ ಈಗ ಕಾರು ಪಕ್ಕದ ಗದ್ದೆಯಾಯಿತು.

“ಮೊದ್ಲು ಇದ್ಕೆ ಕಬ್ಬುಣ ಆಕ್ಸು ಶಂಕ್ರ. ಒಂದ್ ವಾರ ನೋಡ್ತೀನಿ. ಕುಸೀದೆ ನಿಂತ್ರೆ ನಾನೂ ಆಕುಸ್ಕತೀನಿ. ಇದ್ಕೆ ಗಾಳಿ ತುಂಬ್ಸುದ್ರೆ ನಂಗೂ ಎಣ್ಣೇನೇ ಸಾಕು.”

“ಅವ್ವಾ, ಅದು ಕಾರು! ನೀನು ಮನುಸ್ಳು!”

“ಅದ್ಕೇ ಕಣ್ಲಾ ಮೊದ್ಲು ಅದ್ಕೆ ಮಾಡು ಅಂತಿರಾದು.”

ನಾನು ಕ್ರಮಬದ್ಧವಾಗಿ ಆಕ್ಷೇಪಿಸಿದೆ: ಒಂದೇ ಮಾದರಿಯ ಮೇಲೆ ನಡೆಸಿದ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲ, ಅದಲ್ಲದೆ ಈ ಮಾದರಿಗೆ ಮೂಳೆಯೇ ಇಲ್ಲ, ವೈದ್ಯರು ಈಗಾಗಲೇ ನೂರಾರು ಜನರಿಗೆ ಈ ಚಿಕಿತ್ಸೆ ಮಾಡಿದ್ದಾರೆ. ಅಜ್ಜಿ ತಾಳ್ಮೆಯಿಂದ ಕೇಳಿದರು.

“ನೂರಾರ್ ಜನ ಅಂದ್ಯಲ್ಲ. ಅವ್ರಲ್ಲಿ ಒಬ್ರುನಾದ್ರೂವೆ ನೀನು ಬೆಳಿಗ್ಗೆ ಎದ್ದು ಟೇಪ್ ಇಡ್ದು ಅಳ್ದಿದೀಯಾ?”

ಅಳೆದಿರಲಿಲ್ಲ. ಕಾರನ್ನು ಮಾತ್ರ ಪ್ರತಿದಿನ ಅಳೆದಿದ್ದೆ. ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡೆ.

ಚಿಕ್ಕಪ್ಪ ಹತ್ತು ದಿನ ಪಟ್ಟು ಬಿಡಲಿಲ್ಲ. ತಾಯಿಯ ಕಾಲಿಗಾಗಿ ಕಾರಿನ ಕಾಲನ್ನು ಕೊಡಬೇಕೆಂದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಿದರು. ಹನ್ನೊಂದನೆಯ ದಿನ, ಅಜ್ಜಿ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬರುತ್ತಾ ನಡುಮನೆಯಲ್ಲಿ ಎರಡು ಸಲ ನಿಂತುದನ್ನು ಕಂಡರು. ಕಾರು ತೆಗೆದುಕೊಂಡು ಒಬ್ಬರೇ ನಾಗಮಂಗಲದವರೆಗೆ ಹೋಗಿಬಂದರು. ದಾರಿಯ ಪ್ರತಿಯೊಂದು ರಸ್ತೆಯುಬ್ಬನ್ನೂ ಎರಡೆರಡು ಬಾರಿ ಹತ್ತಿಸಿ ಇಳಿಸಿದರಂತೆ.

“ಆಕುಸ್ಬುಡ್ರಪ್ಪ. ಕೊನೇ ಸಲ ತೇಲ್ಬುಟ್ ಬಂದಿವ್ನಿ” ಎಂದು ಕೀಲಿಕೈಯನ್ನು ನನ್ನ ಮುಂದಿಟ್ಟರು.

ಜುಲೈ ಎರಡರಂದು ಮುಂದಿನ ಎರಡೂ ಚಕ್ರಗಳಿಗೆ ಸ್ಪ್ರಿಂಗ್ ಬಂತು. “ಎರಡೂ ಯಾಕೆ? ನಂಗೆ ಒಂದೇ ಸಾಕು” ಎಂದು ಅಜ್ಜಿ ಮುಂಚಿತವಾಗಿಯೇ ಸ್ಪಷ್ಟಪಡಿಸಿದರು. ಒಂದು ತೊಡಕು ಮಾತ್ರ ಉಳಿಯಿತು. ಸ್ಟಿಯರಿಂಗಿನ ಹಿಂದೆ ಹಳದಿ ದೀಪವೊಂದು ಆರದೆ ಉರಿಯುತ್ತಿತ್ತು. ಕಾರಿನ ಕಂಪ್ಯೂಟರು ಕಿತ್ತುಹಾಕಿದ ಗಾಳಿಚೀಲವನ್ನು ಇನ್ನೂ ಹುಡುಕುತ್ತಿದೆ, ಅದನ್ನು ಸುಮ್ಮನಾಗಿಸುವ ಭಾಗ ಬರಲು ಎರಡು ವಾರ ಬೇಕು ಎಂದ ಕಿಶನ್.

“ಅದ್ಕಿನ್ನೂ ಒಳ್ಗೆ ನೋವದೆ” ಎಂದರು ಅಜ್ಜಿ.

ಚಿಕ್ಕಪ್ಪ ಗಾಬರಿಯಿಂದ ಚಿಕ್ಕಮ್ಮನ ಬಿಂದಿಯೊಂದನ್ನು ತಂದು ದೀಪದ ಮೇಲೆ ಅಂಟಿಸಿದರು. ಅದು ಸಾಕ್ಷ್ಯವನ್ನು ಮರೆಮಾಚುವ ಕೆಲಸವೆಂದು ನಾನು ಬಿಂದಿಯನ್ನು ಕಿತ್ತು, ಷರತ್ತು ಇದ್ದದ್ದು ಕುಸಿತದ ಕುರಿತೇ ಹೊರತು ದೀಪದ ಕುರಿತಲ್ಲವೆಂದು ಅಜ್ಜಿಗೆ ನೆನಪಿಸಿದೆ. ಅವರು ಯೋಚಿಸಿ, “ಮಾತು ಮಾತೇ. ಅಳ್ದು ನೋಡು” ಎಂದರು.

ಜುಲೈ ಮೂರರಿಂದ ಒಂಬತ್ತರವರೆಗೆ ಏಳು ದಿನ ಬೆಳಿಗ್ಗೆ ಅಳೆದೆ. ಮೂರನೆಯ ದಿನದಿಂದ ಡೇರಿಗೆ ಹಾಲು ಹಾಕಿ ಬರುವವರೆಲ್ಲ ಕ್ಯಾನು ಹಿಡಿದು ನಿಂತು ನೋಡತೊಡಗಿದರು. ಚಿಕ್ಕಮಾದಯ್ಯ ಟೇಪಿನ ಇನ್ನೊಂದು ತುದಿಯನ್ನು ಹಿಡಿಯುವ ಹಕ್ಕನ್ನು ತಾವೇ ವಹಿಸಿಕೊಂಡರು. ಏಳೂ ದಿನ ಕುಸಿತ ಸೊನ್ನೆ.

“ಸರಿ, ಓಗನ ನಡೀರಿ” ಎಂದರು ಅಜ್ಜಿ.

ಜುಲೈ ಹತ್ತರ ಬೆಳಿಗ್ಗೆ ಆರೂವರೆಗೆ, ಹೊಸ ಸೀರೆಯುಟ್ಟು ಕಾರಿನ ಬಾಗಿಲಿಗೆ ಬಂದ ಅಜ್ಜಿಗೆ ಹತ್ತಲಾಗಲಿಲ್ಲ. ಕಾರಣವನ್ನು ನಾನು ಮೊದಲೇ ಊಹಿಸಬೇಕಿತ್ತು. ಕಾರಿನ ಹೊಸ್ತಿಲು ನೆಲದಿಂದ ಐವತ್ತು ಸೆಂಟಿಮೀಟರು ಎತ್ತರದಲ್ಲಿತ್ತು. ಅಜ್ಜಿಗೆ ಏರಲು ಸಾಧ್ಯವಿದ್ದುದು ನಲವತ್ತು. ಇಷ್ಟು ದಿನ ಅವರು ಹತ್ತಿದ್ದುದು ಕುಸಿದ ಕಾರನ್ನು. ಈಗ ಕಾರು ಕುಸಿಯುವುದಿಲ್ಲ. ಮಂಡಿ ಸರಿಯಾಗಲು ಕಾರು ಹತ್ತಬೇಕು, ಕಾರು ಹತ್ತಲು ಮಂಡಿ ಸರಿಯಾಗಬೇಕು.

“ನೋಡ್ದಾ ಅವ್ವಾ! ಗಾಳಿ ಇದ್ದಿದ್ರೆ ಬಗ್ಗಿ ಕೂರುಸ್ಕಂಡಿರದು!” ಎಂದರು ಚಿಕ್ಕಪ್ಪ. ಅವರ ಧ್ವನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು.

ಸ್ಟೂಲು ಇಟ್ಟೆವು, ಅಲುಗಾಡುತ್ತದೆಂದು ಅಜ್ಜಿ ಕಾಲಿಡಲಿಲ್ಲ. ಎತ್ತಿ ಕೂರಿಸಲು ಹೋದರೆ, “ಎಣ ಎತ್ತೋ ಅಂಗೆ ಎತ್ತಬ್ಯಾಡ್ರುಲಾ!” ಎಂದು ಚಿಕ್ಕಪ್ಪನ ಕೈಗೆ ಹೊಡೆದರು. ಆಟೋ ತರಿಸುತ್ತೇನೆಂದೆ. ಅದಕ್ಕೂ ಒಪ್ಪಲಿಲ್ಲ.

“ಮೊದ್ಲು ಆಕುಸ್ಕಂಡಿರಾದು ಇದು. ದಾರಿ ಗೊತ್ತಿರಾದು ಇದ್ಕೆ. ಇದೇ ಕರ್ಕಂಡೋಗ್ಬೇಕು.”

ಗಂಟೆ ಏಳಾಯಿತು. ಒಂಬತ್ತರೊಳಗೆ ದಾಖಲಾಗಬೇಕಿತ್ತು, ತಪ್ಪಿದರೆ ಮುಂದಿನ ದಿನಾಂಕ ಎರಡು ತಿಂಗಳ ಮೇಲೆ. ಅಷ್ಟು ದಿನ ಅಜ್ಜಿಯ ಮನಸ್ಸು ನಿಲ್ಲುತ್ತದೆಂದು ನಮ್ಮಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ. ಆಗ ಚಿಕ್ಕಮಾದಯ್ಯ ಕೆಮ್ಮಿದರು.

“ನಮ್ ಕೊಟ್ಗೆ ಪಕ್ಕ ದಿಬ್ಬ ಅದಲ್ಲ, ದನಾನ ಟೆಂಪೋಗೆ ಅತ್ಸಾದು. ಅದ್ಕೆ ಒರಗ್ಸಿ ನಿಲ್ಸುದ್ರೆ?”

“ಏನ್ಲಾ ಅಂದೆ? ನಾನೇನ್ ಎಮ್ಮೆನಾ?”

“ಎಮ್ಮೆಯಾಗಿದ್ರೆ ಇಷ್ಟೊತ್ಗೆ ಅತ್ಬುಟ್ಟಿರದು ಕುಳ್ಳಕ್ಕ.”

ಅಜ್ಜಿ ಅವರನ್ನು ದುರುಗುಟ್ಟಿ ನೋಡಿದರು. ನಂತರ ಕೋಲು ತೆಗೆದುಕೊಂಡು, ಯಾರ ಕಡೆಗೂ ತಿರುಗದೆ, ದಿಬ್ಬದತ್ತ ನಡೆದರು. ಚಿಕ್ಕಪ್ಪ ಕಾರನ್ನು ದಿಬ್ಬಕ್ಕೆ ಒತ್ತಿ ನಿಲ್ಲಿಸಿದರು. ದಿಬ್ಬದ ಎತ್ತರ ನಲವತ್ತಮೂರು ಸೆಂಟಿಮೀಟರು; ಒಂದು ಕಡೆ ಓರೆಯಾಗಿದ್ದುದರಿಂದ ಅದನ್ನು ಏರಲು ಕಷ್ಟವಾಗಲಿಲ್ಲ. ಉಳಿದ ಏಳು ಸೆಂಟಿಮೀಟರನ್ನು ಅಜ್ಜಿ ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ದಾಟಿದರು. ಹಾಲಿನ ಕ್ಯಾನಿನವರು ಚಪ್ಪಾಳೆ ತಟ್ಟಿದರು. ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ನೋಡಿತು.

ದಾರಿಯುದ್ದಕ್ಕೂ ಪ್ರತಿ ರಸ್ತೆಯುಬ್ಬಿಗೂ ಅಜ್ಜಿ “ಗಡುಸು” ಎಂದರು. ಪ್ರತಿ ಬಾರಿಯೂ ಚಿಕ್ಕಪ್ಪ ನಿಟ್ಟುಸಿರುಬಿಟ್ಟರು. ಬಾಬುರಾಯನಕೊಪ್ಪಲಿನಲ್ಲಿ ಕಾರು ನಿಲ್ಲಿಸಲು ಹೇಳಿ, ಗ್ಯಾರೇಜಿನ ಬಾಗಿಲು ತೆರೆಯುತ್ತಿದ್ದ ಕಿಶನ್‌ನನ್ನು ಕರೆದರು.

“ನೀನ್ ಆಕಿರಾ ಕಬ್ಬುಣ ಎಷ್ಟ್ ವರ್ಸ ಬತ್ತದಪ್ಪ?”

“ಅತ್ ವರ್ಸಕ್ಕೆ ಮೋಸ ಇಲ್ಲ ಅಜ್ಜಿ.”

“ಡಾಕುಟ್ರು ಇಪ್ಪತ್ತು ಅಂದವ್ರೆ.”

ಅಜ್ಜಿ ಗಾಜು ಏರಿಸಲು ಚಿಕ್ಕಪ್ಪನಿಗೆ ಸನ್ನೆ ಮಾಡಿದರು. ಎಂಟೂ ನಲವತ್ತಕ್ಕೆ ನಾವು ಆಸ್ಪತ್ರೆಯಲ್ಲಿದ್ದೆವು. ಮರುದಿನ ಶಸ್ತ್ರಚಿಕಿತ್ಸೆ ನಡೆಯಿತು.

ಕೊನೆಯ ಅಳತೆಯನ್ನು ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಏಳು ಗಂಟೆಗೆ ಸಮತಟ್ಟಾದ ಅಂಗಳದಲ್ಲಿ ತೆಗೆದುಕೊಳ್ಳಲಾಯಿತು. ಕಾರಿನ ಎಡ ಮುಂಭಾಗದ ಕುಸಿತ: ಸೊನ್ನೆ. ಕುಳ್ಳಮ್ಮ ಯಾರ ಕೈಯನ್ನೂ ಹಿಡಿಯದೆ ನೆಲದಿಂದ ನೇರವಾಗಿ ಏರಿದ ಎತ್ತರ: ಐವತ್ತು ಸೆಂಟಿಮೀಟರು.