ಈ ಬಿರುಕಿಗೆ ಮೊಳೆ ಬೇಡ

ತನ್ನ ಕೈ ಹೋಗದ ಕಡೆ ಯಾರ ಕೈಯೂ ಹೋಗುವುದಿಲ್ಲ ಎಂಬುದು ರಾಮದಾಸರ ನಂಬಿಕೆ. ನಂಬಿಕೆ ಎಂದರೆ ಹೆಚ್ಚಾಯಿತೇನೋ. ಬೇರೆ ಕೈಗಳೂ ಇರುತ್ತವೆಂದು ಅವರಿಗೆ ಹೊಳೆದೇ ಇರಲಿಲ್ಲ.

ಹಿರಿಯಡ್ಕದಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಗೇರುಗುಡ್ಡೆ ದಾಟಿದರೆ ಬೋಳುಪಾದೆ. ಹುಲ್ಲುಕಡ್ಡಿಯೂ ಹುಟ್ಟದ ಕರಿಬಂಡೆ. ಅದರ ಪಡುವಣ ಮುಖದಲ್ಲಿ ಬುಡದಿಂದ ನೆತ್ತಿಯವರೆಗೆ ಒಂದೇ ಒಂದು ಬಿರುಕು. ರಾಮದಾಸರು ಮಣಿಪಾಲದ ಸಾಹಸ ಕೂಟದ ಕ್ಯಾಪ್ಟನ್, ಬ್ಯಾಂಕಿಗೆ ರಜೆ ಹಾಕಿ ಹಿಮಾಲಯದಲ್ಲಿ ತರಬೇತಿ ಪಡೆದು ಬಂದವರು. ಅವರು ಬಿರುಕಿಗೆ ಕೈ ತೂರಿಸಿ ನೋಡಿದರು. ಬೆರಳ ಗೆಣ್ಣಿನ ತನಕ ಹೋಗಿ ನಿಂತಿತು.

“ಇದು ಕೈಯಿಂದ ಆಗುವ ಕೆಲಸ ಅಲ್ಲ. ಮೇಲಿಂದ ಇಳಿದು ಉದ್ದಕ್ಕೂ ಕಬ್ಬಿಣದ ಮೊಳೆ ಹೊಡೀಬೇಕು. ಆಮೇಲೆ ಅದನ್ನೇ ಹಿಡ್ಕೊಂಡು ಹತ್ತುವುದು” ಎಂದು ತೀರ್ಪು ಕೊಟ್ಟರು. ೧೯೮೧ರ ಮಾರ್ಚ್ ತಿಂಗಳ ಕೊನೆಯ ಭಾನುವಾರ ಅದಕ್ಕೆ ನಿಗದಿಯಾಯಿತು. ಉಡುಪಿಯಿಂದ ಪತ್ರಿಕೆಯವರಿಗೂ ಕರೆ ಹೋಯಿತು.

ಕೂಟದಲ್ಲಿ ಹೆಂಗಸರು ಇಬ್ಬರೇ. ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಳಿನಾಕ್ಷಿ, ಮತ್ತು ಅವಳ ಗೆಳತಿ, ಮಣಿಪಾಲದಲ್ಲಿ ನರ್ಸ್ ಆಗಿದ್ದ ಪ್ರಫುಲ್ಲಾ. ರಾಮದಾಸರು ಅತ್ತ ತಿರುಗಿದ್ದೇ ತಡ, ನಳಿನಾಕ್ಷಿ ತನ್ನ ಕೈ ಒಳಗಿಟ್ಟಳು. ಮಣಿಕಟ್ಟಿನವರೆಗೂ ಹೋಯಿತು. ಹೆಬ್ಬೆರಳನ್ನು ಅಂಗೈಗೆ ಮಡಚಿದೊಡನೆ ಕೈ ಒಳಗೇ ಉಬ್ಬಿ ಕಲ್ಲಿಗೆ ಕಚ್ಚಿಕೊಂಡಿತು. ಕಾಲೆತ್ತಿ ಜೋತುಬಿದ್ದಳು, ಜಾರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ಚೆನ್ನಾಗಿ ಕೈ ಹಿಡಿಯುವ ಬಂಡೆಗೆ ಮೊಳೆ ಹೊಡೆಯುವುದೆಂದರೇನು? ಕೊರೆದ ತೂತನ್ನು ಆಮೇಲೆ ಯಾರು ಮುಚ್ಚುತ್ತಾರೆ?

“ರಾಮದಾಸಣ್ಣ, ಮೊಳೆ ಇಲ್ಲದೆ ಹತ್ಲಿಕ್ಕೆ ಆಗ್ತದೆ.”

“ಆಗ್ಲಿ ಟೀಚರ್, ಮೊದಲು ನಾವು ಹತ್ತುತ್ತೇವೆ. ಆಮೇಲೆ ನಿಮ್ಮನ್ನೂ ಎಳ್ಕೊಳ್ಳುವ, ಅಲ್ವಾ?” ಎಂದು ಅವರು ಮಗುವಿಗೆ ಚಾಕಲೇಟು ಕೊಡುವ ದನಿಯಲ್ಲಿ ಹೇಳಿದರು.

ನಳಿನಾಕ್ಷಿ ಕೇಳಿಕೊಂಡಂತೆ ಸಂತೆಕಟ್ಟೆಯ ಗ್ಯಾರೇಜಿನ ಜೋಕಿಮ್ ಲಾರಿಯ ಹಳೆಯ ನಟ್ಟುಗಳ ಒಳಹಲ್ಲನ್ನು ಅರದಿಂದ ಉಜ್ಜಿ ನುಣುಪು ಮಾಡಿಕೊಟ್ಟ. ಅವುಗಳಿಗೆ ಹಗ್ಗದ ಕುಣಿಕೆ ಪೋಣಿಸಿ, ಬಿರುಕು ಕಿರಿದಾಗುವಲ್ಲಿ ಇಟ್ಟು ಕೆಳಕ್ಕೆ ಜಗ್ಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕುಣಿಕೆಗೆ ಕೊಕ್ಕೆ ಹಾಕಿ ಸೊಂಟದ ಹಗ್ಗವನ್ನು ಅದರೊಳಗೆ ಹಾಯಿಸಿದರೆ, ಕೈ ತಪ್ಪಿದಾಗ ನಟ್ಟು ತಡೆಯುತ್ತದೆ. ಹಿಂದೆ ಹತ್ತಿ ಬರುವವರು ಅದನ್ನು ಬಿಡಿಸಿಕೊಂಡು ಬರಬಹುದು. ಕಲ್ಲಿಗೆ ಒಂದು ಗೀರೂ ಇಲ್ಲ.

ಶನಿವಾರ ಶಾಲೆ ಬಿಟ್ಟದ್ದೇ ಇಬ್ಬರೂ ಹೋಗಿ ಹತ್ತಿಯೇಬಿಟ್ಟರು. ನಳಿನಾಕ್ಷಿ ಮುಂದೆ, ನಟ್ಟುಗಳನ್ನು ಬಿಡಿಸುತ್ತ ಪ್ರಫುಲ್ಲಾ ಹಿಂದೆ. ಮೇಲೆ ತಲುಪುವಾಗ ನಳಿನಾಕ್ಷಿಯ ಎರಡೂ ಮುಂಗೈಯ ಚರ್ಮ ಸುಲಿದು ಹೋಗಿತ್ತು. ನೆತ್ತಿಯಲ್ಲಿ ಕೂತು ಇಬ್ಬರೂ ಹುಚ್ಚು ಹಿಡಿದವರಂತೆ ನಕ್ಕರು.

ಭಾನುವಾರ ಎಲ್ಲರೆದುರು ಅವಳು, “ನಿನ್ನೆ ನಾವು ಹತ್ತಿ ಆಯ್ತು. ಮೊಳೆ ಬೇಡ” ಎಂದಳು.

ರಾಮದಾಸರು ಬಂಡೆಯನ್ನು ಕೆಳಗಿಂದ ಮೇಲಿನವರೆಗೆ ದಿಟ್ಟಿಸಿದರು. “ಗುರುತು ಎಲ್ಲಿ ಉಂಟು ಟೀಚರ್? ಒಂದು ಹಗ್ಗದ ತುಂಡೂ ಇಲ್ಲವಲ್ಲ.”

“ಎಂತದೂ ಬಿಡದೆ ಹತ್ತಿದ್ದು. ಅದೇ ಹೆಚ್ಚುಗಾರಿಕೆ.”

“ಬಂಡೆಯ ಹಿಂದಿನ ದಾರಿಯಲ್ಲಿ ನಡ್ಕೊಂಡು ಹೋದದ್ದಾ?” ಎಂದು ಯಾರೋ ಕೇಳಿದರು. ಗಂಡಸರೆಲ್ಲ ಗೊಳ್ಳೆಂದು ನಕ್ಕರು. ಪತ್ರಿಕೆಯ ಭುಜಂಗನೂ ಹಲ್ಲು ಕಿರಿದ. ರಾಮದಾಸರು ನಗಲಿಲ್ಲ, ಮೊಳೆ, ಸುತ್ತಿಗೆಯ ಚೀಲ ಹೆಗಲಿಗೇರಿಸಿ ಅದೇ ಹಿಂದಿನ ದಾರಿಯಿಂದ ನೆತ್ತಿಗೆ ಹೊರಟರು. ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅವರು ಮೇಲಿಂದ ಇಳಿಯಬೇಕಾದರೆ ಬಿರುಕು ಖಾಲಿ ಇರಬೇಕಲ್ಲ! ನಳಿನಾಕ್ಷಿ ಸೊಂಟಕ್ಕೆ ಹಗ್ಗ ಬಿಗಿದಳು.

“ಕೈಯಲ್ಲಿ ಚರ್ಮವೇ ಇಲ್ಲ ಮಾರಾಯ್ತಿ” ಎಂದಳು ಪ್ರಫುಲ್ಲಾ, ಪ್ಲಾಸ್ಟರ್ ಪಟ್ಟಿ ಸುತ್ತುತ್ತ.

“ಮೂಳೆ ಉಂಟಲ್ಲ. ನೀನು ಹಗ್ಗ ನೋಡ್ಕೋ.”

ಕಾದ ಕಲ್ಲು ಗಾಯಕ್ಕೆ ತಾಗಿದಾಗ ಜೀವ ಹೋದಂತಾಯಿತು. ನಿನ್ನೆ ಕೈಯನ್ನು ಕರೆದಿದ್ದ ಬಿರುಕು ಇವತ್ತು ಕಚ್ಚುತ್ತಿತ್ತು. ಕೈ ಒಳಗಿಟ್ಟು ಹೆಬ್ಬೆರಳು ಮಡಚುವುದು, ಪಾದವನ್ನು ಓರೆಯಾಗಿ ತೂರಿಸಿ ತಿರುಚುವುದು, ಮೇಲೇಳುವುದು. ಅರ್ಧಕ್ಕೆ ಬಂದಾಗ ಸಿಕ್ಕಿಸಿದ ನಟ್ಟೊಂದು ಕಳಚಿ ಹಗ್ಗದುದ್ದಕ್ಕೂ ಜಾರಿ ಕೆಳಗೆ ಹೋಯಿತು. ಕೆಳಗಿದ್ದವರ ನಗು ನಿಂತಿತು. ಈಗ ಬಿದ್ದರೆ ಕೆಳಗಿನ ನಟ್ಟಿನವರೆಗೂ ಬೀಳಬೇಕು; ಅಷ್ಟರಲ್ಲಿ ಮೈಯಲ್ಲಿ ಯಾವ ಎಲುಬು ಉಳಿದೀತು?

ಮೇಲಿಂದ ಹಗ್ಗವೊಂದು ಬಂದು ಕೆನ್ನೆಗೆ ತಾಗಿತು.

“ಹಿಡೀರಿ ಟೀಚರ್! ಹಟ ಬೇಡ!” ರಾಮದಾಸರ ದನಿ ನಡುಗುತ್ತಿತ್ತು. ಅವರ ಹೆದರಿಕೆ ನಿಜವಾದದ್ದೇ.

ಅವಳಿಗೆ ಹಿಡಿಯುವ ಆಸೆಯಾಯಿತು. ಸುಳ್ಳೇಕೆ, ಬೆರಳುಗಳು ಹಗ್ಗದತ್ತ ಅರ್ಧ ಹೊರಟೂ ಇದ್ದವು. ಹಿಡಿದರೆ ಜೀವಕ್ಕೆ ಭಯವಿಲ್ಲ. ಹಿಡಿದರೆ ನಾಳೆ ಉಡುಪಿ, ಕಾಪು, ಕಾರ್ಕಳ ಎಲ್ಲ ಕಡೆ ರಾಮದಾಸರು ಅವಳನ್ನು ಎಳೆದು ಹತ್ತಿಸಿದರು ಎಂದಾಗುತ್ತದೆ. ಈ ಬಂಡೆಗೆ ಮೊಳೆಯೂ ಬೀಳುತ್ತದೆ.

“ಹಗ್ಗ ತೆಗೀರಿ! ಕಣ್ಣಿಗೆ ಅಡ್ಡ ಬರ್ತದೆ!”

ಹಗ್ಗ ಮೇಲೆ ಹೋಯಿತು. ಅವಳು ಇನ್ನೊಂದು ನಟ್ಟು ಸಿಕ್ಕಿಸಿ, ಎರಡು ಸಲ ಜಗ್ಗಿ ನೋಡಿ, ಬೈಗುಳ ಬಂದಷ್ಟನ್ನೂ ತುಳುವಿನಲ್ಲಿ ಬೈಯುತ್ತ ಹತ್ತಿದಳು. ಅಂಚಿಗೆ ಬಂದಾಗ ರಾಮದಾಸರು ಬಗ್ಗಿ ಕೈ ಚಾಚಿದ್ದರು. ಅದನ್ನು ಬಿಟ್ಟು, ಮೊಣಕೈ ಊರಿ, ಹೊಟ್ಟೆಯ ಮೇಲೆ ತೆವಳಿ ಬಂದಳು. ಚೆಂದವೇನೂ ಇರಲಿಲ್ಲ. ಆದರೆ ಯಾರ ಕೈಯೂ ಅವಳ ಮೇಲೆ ಇರಲಿಲ್ಲ.

ಎದ್ದು ನಿಂತು, “ಈಗ ಹೊಡೀರಿ ಮೊಳೆ. ಎಲ್ಲರೂ ನೋಡ್ಲಿ” ಎಂದಳು.

ರಾಮದಾಸರು ಸುತ್ತಿಗೆ ನೋಡಿದರು, ಬಿರುಕು ನೋಡಿದರು. “ನನ್ನ ಕೈ ಅದರಲ್ಲಿ ಹೋಗುವುದಿಲ್ಲವಲ್ಲ ಟೀಚರ್” ಎಂದರು ಸಣ್ಣ ದನಿಯಲ್ಲಿ.

“ಅದಕ್ಕೆ ಬಂಡೆ ಎಂತ ಮಾಡ್ಬೇಕು?”

ಅವರು ಸುತ್ತಿಗೆ ಚೀಲಕ್ಕೆ ಹಾಕಿ, ಅದರ ಬಾಯಿ ಕಟ್ಟಿ, ಬಂದ ದಾರಿಯಲ್ಲೇ ಇಳಿದು ಹೋದರು.

ನಳಿನಾಕ್ಷಿ ಅಂಚಿನ ಹಿಂದೆ ಕಾಲು ಊರಿ ಕೂತು ಹಗ್ಗ ಬಿಗಿ ಮಾಡಿದಳು. ಕೆಳಗೆ ಪ್ರಫುಲ್ಲಾ ಹತ್ತಲು ತಯಾರಾಗಿದ್ದಳು. ಭುಜಂಗ ಕ್ಯಾಮೆರಾ ಎತ್ತಿ ಕೂಗಿದ: “ಟೀಚರ್, ಫೋಟೋಕ್ಕೆ ಒಂದು ನಟ್ಟಾದ್ರೂ ಅಲ್ಲೇ ಇರ್ಲಿ! ಇಲ್ಲದಿದ್ರೆ ನಾಳೆ ಯಾರು ನಂಬ್ತಾರೆ?”

“ಪ್ರಫುಲ್ಲಾ, ಒಂದೂ ಬಿಡ್ಬೇಡ!” ಎಂದು ನಳಿನಾಕ್ಷಿ ಮೇಲಿಂದ ಗಂಟಲು ಬಿರಿಯುವಂತೆ ಕೂಗಿದಳು.